ಬೇಲೂರಿನ ಪೇಪರ್ ಅಂಗಡಿಯಲ್ಲಿ ಕಂಡ 2023

ನಮ್ಮ ಮಾವನವರದ್ದು ಒಂದು ಅಭ್ಯಾಸ. ಪೇಪರ್ ಲೆಕ್ಕದ ನೋಟ್‌ಬುಕ್ಕಿನಲ್ಲಿ ಎಷ್ಟು ಬಂತು, ಎಷ್ಟು ಮನೆಗಳಿಗೆ ಹೋಯಿತು, ಎಷ್ಟು ಉಳಿಯಿತು ಅಂತ ಬರೆದ ಮೇಲೆ ಪಕ್ಕದಲ್ಲಿ ಒಂದೆರಡು ಪದ ಗೀಚುತ್ತಾರೆ. ‘ಎಲೆಕ್ಷನ್.’ ‘ಬಂಡಲ್ ನೆನೆದಿದೆ.’ ‘ಮ್ಯಾಚ್ ಸೋತರು.’ ಪೇಪರ್ ಯಾಕೆ ಜಾಸ್ತಿ ಹೋಯಿತು, ಯಾಕೆ ಉಳಿಯಿತು ಅನ್ನುವುದಕ್ಕೆ ಒಂದು ಗುರುತು ಅಷ್ಟೇ. ಮೊನ್ನೆ ಅಟ್ಟದ ರದ್ದಿಯನ್ನು ತೂಕಕ್ಕೆ ಹಾಕಲು ಇಳಿಸಿದಾಗ 2023ರ ನೋಟ್‌ಬುಕ್ ಸಿಕ್ಕಿತು. ಸುಮ್ನೆ ನಾಲ್ಕು ಹಾಳೆ ತಿರುವೋಣ ಅಂತ ಕೂತೆ. ರದ್ದಿಯವನು ಕಾದು ಕಾದು ಸಂಜೆ ಬರ್ತೀನಿ ಅಂತ ಹೊರಟುಹೋದ.

ಬೇಲೂರು ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಚಿಕ್ಕ ಅಂಗಡಿ. ಬೆಳಗಿನ ಜಾವ ವ್ಯಾನ್ ಬಂದು ಬಂಡಲ್ ಇಳಿಸಿ ಹೋಗುತ್ತದೆ. ಪುರವಣಿ ಸೇರಿಸಬೇಕು, ಲೈನ್ ಪ್ರಕಾರ ಹುಡುಗರಿಗೆ ಎಣಿಸಿ ಕೊಡಬೇಕು, ಆಮೇಲೆ ಕೌಂಟರ್ ತೆಗೆಯಬೇಕು. ಮಾವನವರು ಶುರು ಮಾಡಿದ ಏಜೆನ್ಸಿ. ಈಗ ಓಡಾಟವೆಲ್ಲ ನನ್ನದು. ಅವರು ಸ್ಟೂಲಿನ ಮೇಲೆ ಕೂತು ಬಂದವರ ಜೊತೆ ಮಾತಾಡುತ್ತಾರೆ, ನೋಟ್‌ಬುಕ್ ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ.

ನಾಳೆ ಪೇಪರ್ ಜಾಸ್ತಿ ಹೋಗುತ್ತದಾ ಅಂತ ಇವತ್ತೇ ಲೆಕ್ಕ ಹಾಕುವುದು ಈ ಕಸುಬಿನ ಕಷ್ಟ. ಹೆಚ್ಚು ಪ್ರತಿ ಬೇಕಾದರೆ ಹಿಂದಿನ ದಿನವೇ ಹೇಳಬೇಕು. ಈಗಂತೂ ಎಲ್ಲ ಸುದ್ದಿಯೂ ರಾತ್ರಿ ಮಲಗುವ ಮೊದಲೇ ಮೊಬೈಲಿನಲ್ಲಿ ಬಂದಿರುತ್ತದೆ. ಹಾಗಿದ್ದೂ ಕೆಲವು ದಿನ ಬೆಳಗ್ಗೆ ಏಳಕ್ಕೆಲ್ಲ ಕೌಂಟರ್ ಖಾಲಿ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಜನ ಪೇಪರ್ ಕೊಳ್ಳುವುದು ಯಾವತ್ತೋ ಕಡಿಮೆಯಾಯಿತು. ಗೊತ್ತಿರುವುದನ್ನೇ ಕೈಯಲ್ಲಿ ಹಿಡಿದು ನೋಡಲು, ಮಡಿಸಿ ಬೀರುವಿನಲ್ಲಿ ಇಡಲು ಕೊಳ್ಳುತ್ತಾರೆ. ಯಾವ ಸುದ್ದಿಯನ್ನು ಹಾಗೆ ಇಟ್ಟುಕೊಳ್ಳುತ್ತಾರೆ, ಯಾವುದನ್ನು ಮುಟ್ಟುವುದೂ ಇಲ್ಲ ಅನ್ನುವುದು ಈ ನೋಟ್‌ಬುಕ್ಕಿನಲ್ಲಿ ಚೆನ್ನಾಗಿ ಕಾಣುತ್ತದೆ.

ವರ್ಷದ ಮೊದಲ ಗುರುತು ‘ಸಿದ್ಧೇಶ್ವರ ಶ್ರೀ’. ಜನವರಿ 2, ವೈಕುಂಠ ಏಕಾದಶಿ. ಚೆನ್ನಕೇಶವನ ಗುಡಿಯಲ್ಲಿ ಆ ದಿನ ಕಾಲಿಡಲು ಜಾಗ ಇರಲಿಲ್ಲ. ಅದೇ ಸಂಜೆ ವಿಜಯಪುರದ ಜ್ಞಾನಯೋಗಾಶ್ರಮದ ಸ್ವಾಮೀಜಿ ತೀರಿಕೊಂಡರು. ವಿಜಯಪುರ ಎಲ್ಲಿ, ಬೇಲೂರು ಎಲ್ಲಿ, ನಮ್ಮ ಕಡೆ ಅಷ್ಟು ಕೇಳುವುದಿಲ್ಲ ಅಂದುಕೊಂಡಿದ್ದೆ. ಆದರೆ ಅವರ ಪ್ರವಚನವನ್ನು ಯೂಟ್ಯೂಬಿನಲ್ಲಿ ಕೇಳುತ್ತಿದ್ದವರು ಇಲ್ಲೂ ಬೇಕಾದಷ್ಟು ಜನ ಇದ್ದರಂತೆ. ಜೇಬಿಲ್ಲದ ಅಂಗಿ ಹಾಕುತ್ತಿದ್ದ ಮನುಷ್ಯ, 2018ರಲ್ಲಿ ಪದ್ಮಶ್ರೀ ಬೇಡ ಅಂತ ಹಿಂದಿರುಗಿಸಿದವರು. ನನ್ನ ದೇಹವನ್ನು ಸುಡಿ, ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ಆ ಪತ್ರದ ಸುದ್ದಿ ಬಂದ ಹಾಳೆಯನ್ನು ಮಾವ ಕತ್ತರಿಸಿ ಇಟ್ಟುಕೊಂಡರು. ಆಮೇಲೆ ಆ ಚೂರು ಎಲ್ಲಿ ಹೋಯಿತೋ, ಅದು ಬೇರೆ ಮಾತು.

ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ, ಏಪ್ರಿಲ್‌ನಲ್ಲಿ ನಂದಿನಿ–ಅಮುಲ್ ಜಗಳ. ಹಾಲು ಹಾಕುವವರ ಊರು ನಮ್ಮದು. ಎರಡನೆಯದಕ್ಕೆ ಟೀ ಅಂಗಡಿಯಲ್ಲಿ ಜೋರು ಚರ್ಚೆ ಇತ್ತು. ಪೇಪರ್ ಮಾತ್ರ ಒಂದೇ ಕೊಂಡು ಹತ್ತು ಜನ ಓದಿದರು.

ಮೇ ಅಂದರೆ ಎಲೆಕ್ಷನ್. 10ಕ್ಕೆ ಮತದಾನ, 13ರ ಶನಿವಾರ ಎಣಿಕೆ. ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ರಾಜ್ಯದ ಲೆಕ್ಕ ಅದಾದರೆ ನಮ್ಮ ಜಿಲ್ಲೆಯದು ಯಾವತ್ತಿನ ಹಾಗೆ ಬೇರೆಯೇ: ಏಳರಲ್ಲಿ ನಾಲ್ಕು ಜೆಡಿಎಸ್, ಎರಡು ಬಿಜೆಪಿ, ಒಂದು ಕಾಂಗ್ರೆಸ್. ಬೇಲೂರಿನಲ್ಲಿ ಬಿಜೆಪಿಯ ಎಚ್.ಕೆ. ಸುರೇಶ್ ಗೆದ್ದರು. ಭಾನುವಾರ ಬೆಳಗ್ಗೆ ಗೆದ್ದವರ ಕಡೆಯವರು ಬಂದು ಕಟ್ಟುಗಟ್ಟಲೆ ತಗೊಂಡು ಹೋದರು. ಸೋತವರ ಕಡೆಯವರು ಮನೆಗೆ ಬರುವ ಪೇಪರನ್ನೂ ಬಿಡಿಸಿ ನೋಡಲಿಲ್ಲವೇನೋ. ಇದು ಪ್ರತಿ ಎಲೆಕ್ಷನ್ನಿನ ಕಥೆ.

ನನಗೆ ಆಶ್ಚರ್ಯವಾಗಿದ್ದು ಅದರ ಮುಂದಿನ ವಾರ. ಫಲಿತಾಂಶ ಬಂದಾಯಿತು, ಇನ್ನು ವ್ಯಾಪಾರ ಇಳಿಯುತ್ತದೆ ಅಂದುಕೊಂಡರೆ ಇಳಿಯಲೇ ಇಲ್ಲ. ಸಿದ್ದರಾಮಯ್ಯನಾ, ಡಿ.ಕೆ. ಶಿವಕುಮಾರಾ? ದೆಹಲಿಯಲ್ಲಿ ಐದು ದಿನ ಮಾತುಕತೆ ನಡೆಯಿತಲ್ಲ, ಆ ಐದು ದಿನವೂ ಕೌಂಟರಿನಲ್ಲಿ ಜಾತ್ರೆ. “ಟಿವಿಯವರು ಗಂಟೆಗೊಂದು ಹೇಳ್ತಾರಮ್ಮ, ಪೇಪರ್‌ನೋರು ದಿನಕ್ಕೆ ಒಂದೇ ಹೇಳ್ತಾರೆ, ಅಷ್ಟಾದರೂ ತಲೆನೋವು ಕಡಿಮೆ” ಅಂದರು ಒಬ್ಬರು ರಿಟೈರ್ಡ್ ಮೇಷ್ಟ್ರು. ಮಾವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಈಗಲೂ ತಮ್ಮದೇ ಮಾತು ಅನ್ನುವ ಹಾಗೆ ಹೇಳುತ್ತಾರೆ. 20ಕ್ಕೆ ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ ಆಯಿತು. ಅದರ ಹಿಂದಿನ ಸಂಜೆ ರಿಸರ್ವ್ ಬ್ಯಾಂಕು 2000ದ ನೋಟು ವಾಪಸ್ ಅಂದಿತು. ಮರುದಿನದಿಂದ ಒಂದು ಪೇಪರಿಗೆ ಎರಡು ಸಾವಿರದ ನೋಟು ಚಾಚುವವರು ಶುರುವಾದರು. ಅಷ್ಟು ದಿನ ಆ ನೋಟನ್ನು ಎಲ್ಲಿಟ್ಟಿದ್ದರೋ! ಚಿಲ್ಲರೆ ಇಲ್ಲ ಅನ್ನುವುದು ಸುಳ್ಳೂ ಆಗಿರಲಿಲ್ಲ.

ಜೂನ್ 3ರ ಪೇಪರ್ ಮಾತ್ರ ಯಾರಿಗೂ ಕೊಡಲು ಮನಸ್ಸಾಗಲಿಲ್ಲ. ಹಿಂದಿನ ಸಂಜೆ ಒಡಿಶಾದ ಬಾಲಸೋರ್ ಹತ್ತಿರ, ಬಹನಗಾ ಬಜಾರ್ ಸ್ಟೇಷನ್ನಿನಲ್ಲಿ, ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿನಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಹೊಡೆದಿತ್ತು. ಹಳಿ ತಪ್ಪಿದ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿಗೂ ಬಡಿದವು. ಪೇಪರ್ ಅಚ್ಚಾಗುವ ಹೊತ್ತಿಗೆ ಇದ್ದ ಸಾವಿನ ಸಂಖ್ಯೆ ಬೇರೆ, ನಾವು ಬಂಡಲ್ ಬಿಚ್ಚುವ ಹೊತ್ತಿಗೆ ಮೊಬೈಲಿನಲ್ಲಿ ಇದ್ದದ್ದು ಬೇರೆ. ಕೊನೆಗೆ ಮುನ್ನೂರರ ಹತ್ತಿರ ಹೋಯಿತು. ಆ ಬೆಂಗಳೂರು ರೈಲಿನಲ್ಲಿ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯಿಂದ ಸಮ್ಮೇದ ಶಿಖರ್ಜಿಗೆ ಹೊರಟಿದ್ದ ನೂರಕ್ಕೂ ಹೆಚ್ಚು ಜೈನ ಯಾತ್ರಿಕರು ಇದ್ದರು. ಎಲ್ಲರೂ ಕ್ಷೇಮ ಅಂತ ಗೊತ್ತಾಗುವ ತನಕ ಇಲ್ಲಿಯ ಜೈನರ ಮನೆಗಳಲ್ಲಿ ಫೋನ್ ಕೆಳಗಿಡಲಿಲ್ಲ.

ಅದಾಗಿ ಒಂದು ವಾರಕ್ಕೆ, ಜೂನ್ 11ರ ಭಾನುವಾರ, ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆ ವರ್ಷದ ಎಲ್ಲ ಸುದ್ದಿಗಳಲ್ಲಿ ನಮ್ಮ ಅಂಗಡಿ ಮುಂದೆ ನಡೆದುಕೊಂಡು ಬಂದ ಸುದ್ದಿ ಇದೊಂದೇ. ಬಸ್ ನಿಲ್ದಾಣದ ಹತ್ತಿರ ಇದ್ದೀವಲ್ಲ, ಒಂದೊಂದು ಬಸ್ಸಿನಿಂದ ಇಳಿಯುವವರನ್ನು ನೋಡುವುದೇ ನಮಗೆ ಕೆಲಸ. ಮೊದಮೊದಲು ಹಾಸನ, ಚಿಕ್ಕಮಗಳೂರಿನವರು. ಶಾಲೆ ಶುರುವಾಗಿದ್ದರೂ ಮಕ್ಕಳನ್ನು ಕಟ್ಟಿಕೊಂಡು ಬರುವವರು. ಶ್ರಾವಣದ ಹೊತ್ತಿಗೆ ಗದಗ, ಕೊಪ್ಪಳ, ಹಾವೇರಿಯ ಗುಂಪುಗಳು. ಧರ್ಮಸ್ಥಳ ಮುಗಿಸಿ ಚಾರ್ಮಾಡಿ ಹತ್ತಿ ಬೇಲೂರಿಗೆ ಬರುವುದು, ಇಲ್ಲಿಂದ ಹಳೇಬೀಡು.

ಒಂದು ಬೆಳಗ್ಗೆ ಇಳಕಲ್ ಸೀರೆ ಉಟ್ಟ ನಾಲ್ಕೈದು ಜನ ಅಂಗಡಿ ಮುಂದೆ ನಿಂತರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರ್, ಕವರಿನೊಳಗೆ ಆಧಾರ್ ಕಾರ್ಡು. ಟಿಕೆಟ್ ತೋರಿಸು ಅಂದರೆ ಅದನ್ನೂ ಜೋಪಾನವಾಗಿ ಅದರಲ್ಲೇ ಇಟ್ಟಿದ್ದರು. ಸೊನ್ನೆ ರೂಪಾಯಿ ಟಿಕೆಟನ್ನು ಯಾಕಜ್ಜಿ ಇಟ್ಕೊಂಡಿದೀರಾ ಅಂದೆ. “ಊರಾಗ ತೋರಸ್ಬೇಕಲ್ಲವಾ, ನಾವು ಖರೇನ ಬಂದಿದ್ವಿ ಅಂತ!” ಅಂದಳು ಅವರಲ್ಲಿ ಹಿರಿಯಳು. ಶಾಲೆ ಪುಸ್ತಕದಲ್ಲಿ ಶಿಲಾಬಾಲಿಕೆಯ ಚಿತ್ರ ನೋಡಿದ್ದಳಂತೆ. ಮೊಮ್ಮಗಳ ಪುಸ್ತಕದಲ್ಲಿ. ತಾನು ಶಾಲೆಗೆ ಹೋದವಳಲ್ಲ. ಅವರು ಪೇಪರ್ ಕೊಳ್ಳಲಿಲ್ಲ. ನೀರಿನ ಬಾಟಲಿ, ಬಾಳೆಹಣ್ಣು ಕೇಳಿದರು. ಪಕ್ಕದ ಹಣ್ಣಿನವಳಿಗೆ ಆ ವರ್ಷ ಒಳ್ಳೇ ವ್ಯಾಪಾರ.

ಬೈದವರೂ ಇದ್ದರು. ಕಾಲೇಜು ಹುಡುಗರಿಗೆ ನಿಲ್ಲಲು ಜಾಗ ಇಲ್ಲ, ದುಡ್ಡು ಕೊಟ್ಟು ಬರುವ ಗಂಡಸರು ಬಾಗಿಲಲ್ಲಿ ನೇತಾಡಬೇಕು. ಅದೂ ನಿಜವೇ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ‘ಹೆಂಗಸರು ಸುಮ್ನೆ ತಿರುಗೋಕೆ ಹೊರಟಿದ್ದಾರೆ’ ಅಂತ ನಮ್ಮ ಕೌಂಟರಿಗೆ ಒರಗಿಕೊಂಡು ಭಾಷಣ ಮಾಡುತ್ತಿದ್ದವರಿಗೆ ನಾನು ಒಂದೇ ಕೇಳುತ್ತಿದ್ದೆ: ಸ್ವಾಮಿ, ನೀವು ಸುಮ್ನೆ ತಿರುಗಿಯೇ ಇಲ್ವಾ? ನವೆಂಬರ್ ಹೊತ್ತಿಗೆ ಹೆಂಗಸರ ಉಚಿತ ಪ್ರಯಾಣಗಳ ಸಂಖ್ಯೆ ನೂರು ಕೋಟಿ ದಾಟಿತು ಅಂತ ಬಂತು. ಆ ತಿಂಗಳು ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಹಾಸನಾಂಬೆಯ ಮುಂದೆ ನಿಂತಿದ್ದ ಸಾಲು ನೋಡಿದವರಿಗೆ ಆ ಸಂಖ್ಯೆ ದೊಡ್ಡದು ಅನ್ನಿಸಿರಲಿಕ್ಕಿಲ್ಲ.

ಜುಲೈ ಹಾಳೆಯಲ್ಲಿ ಮಾವ ದಪ್ಪಗೆ ‘ಟೊಮೆಟೊ’ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ.

ಟೊಮೆಟೊ ಕೆಜಿಗೆ ನೂರು ದಾಟಿದ ಕಾಲ. ನಮ್ಮ ತಾಲ್ಲೂಕಿನ ಹಳೇಬೀಡು ಹೋಬಳಿಯ ಗೋಣಿ ಸೋಮನಹಳ್ಳಿಯಲ್ಲಿ ರಾತ್ರೋರಾತ್ರಿ ಹೊಲದಿಂದ ಟೊಮೆಟೊ ಕದ್ದುಬಿಟ್ಟರು. ಎರಡು ಎಕರೆಯಲ್ಲಿ ಬೆಳೆದದ್ದು, ಐವತ್ತು–ಅರವತ್ತು ಚೀಲ, ಎರಡೂವರೆ ಲಕ್ಷದ ಮಾಲು ಅಂತ ಹಳೇಬೀಡು ಪೊಲೀಸರಿಗೆ ದೂರು ಹೋಯಿತು. ಒಳಗಿನ ಪುಟದಲ್ಲಿ ಸಣ್ಣದಾಗಿ ಬಂದಿದ್ದರೂ ಆಶ್ಚರ್ಯ ಇರಲಿಲ್ಲ. ಆದರೆ ಒಂದೇ ದಿನಕ್ಕೆ ದೇಶದ ಎಲ್ಲ ಚಾನೆಲ್ಲಿನಲ್ಲೂ ಬೇಲೂರು ತಾಲ್ಲೂಕಿನ ಟೊಮೆಟೊ! ಮುಂಬೈಯಲ್ಲಿರುವ ನಮ್ಮ ಓರಗಿತ್ತಿ ಫೋನ್ ಮಾಡಿ, “ಅಕ್ಕಾ, ಹಿಂದಿ ಚಾನೆಲ್ನಲ್ಲಿ ನಮ್ಮ ಹಳೇಬೀಡು ತೋರಿಸ್ತಿದಾರೆ” ಅಂದಳು. ದೇವಸ್ಥಾನನಾ ಅಂದೆ. “ಅಲ್ಲ, ಹೊಲ” ಅಂದಳು.

ಹಳ್ಳಿ ಕಡೆಯವರು ಬಂದು ಆ ಪೇಪರನ್ನು ಕೇಳಿ ಕೇಳಿ ಕೊಂಡರು. ನಮ್ಮೂರಿನ ಹೆಸರು ಅಚ್ಚಾಗಿದೆ ಅನ್ನುವುದು ಒಂದು. ಇನ್ನೊಂದು, ಟೊಮೆಟೊ ಬೆಳೆದವರ ಕಷ್ಟ ಗೊತ್ತಿದ್ದವರಿಗೆ ಅದು ತಮಾಷೆಯ ಸುದ್ದಿ ಆಗಿರಲಿಲ್ಲ. ಪೇಟೆಯವರು ಟೊಮೆಟೊಗೆ ಬಂದೂಕಿನ ಕಾವಲು ಅಂತ ನಗುವ ಚಿತ್ರ ಕಳಿಸಿಕೊಳ್ಳುತ್ತಿದ್ದರು. ಇಲ್ಲಿ ಬೆಳೆಗಾರರು ನಿಜವಾಗಿ ರಾತ್ರಿ ಹೊಲದಲ್ಲಿ ಮಲಗಲು ಶುರು ಮಾಡಿದ್ದರು. ಎಷ್ಟೋ ವರ್ಷ ಬೆಲೆ ಇಲ್ಲದೆ ಹಣ್ಣನ್ನು ರಸ್ತೆಗೆ ಸುರಿದವರಿಗೆ ಒಂದು ಸಲ ಕೈಗೆ ಕಾಸು ಬರುವ ಹೊತ್ತಿಗೆ ಕಳ್ಳ ಬಂದರೆ ಹೊಟ್ಟೆ ಉರಿಯದೆ ಇರುತ್ತದಾ?

ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟಿತು. ನೂರಿಪ್ಪತ್ತು ವರ್ಷಗಳಲ್ಲಿ ಇಷ್ಟು ಒಣ ಆಗಸ್ಟ್ ದೇಶ ಕಂಡಿಲ್ಲ ಅಂತ ಆಮೇಲೆ ಲೆಕ್ಕ ಬಂತು. ಬೆಳಗಿನ ಜಾವ ಬಂಡಲ್ ಮೇಲೆ ಟಾರ್ಪಾಲು ಹೊದಿಸದೆ ಶ್ರಾವಣ ಕಳೆದದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ನಮ್ಮ ಕೆಲಸಕ್ಕೆ ಅನುಕೂಲವೇ. ಆದರೆ ಪೇಪರಿನ ತಿಂಗಳ ಬಿಲ್ಲಿಗೆ ಹೋದಾಗ “ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ ಕಣಮ್ಮ” ಅನ್ನುವ ಮನೆಗಳು ಹೆಚ್ಚಾದವು.

ಅದೇ ಆಗಸ್ಟಿನ 23. ಚಂದ್ರಯಾನ-3.

ಇಸ್ರೋ ಅಂದರೆ ಹಾಸನದವರಿಗೆ ಒಂದು ಸಲುಗೆ. ಹಾಸನದಲ್ಲಿ ಎಂಸಿಎಫ್ ಇದೆ, ದೇಶದ ದೂರಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ. ಯಾರದ್ದಾದರೂ ಭಾವ, ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿ ಇದ್ದೇ ಇರುತ್ತಾರೆ. ಚಂದ್ರಯಾನವನ್ನು ನಡೆಸುತ್ತಿದ್ದದ್ದು ಬೆಂಗಳೂರು ಪೀಣ್ಯದಲ್ಲಿರುವ ಇಸ್ರೋದ ಇನ್ನೊಂದು ಕೇಂದ್ರ ಇಸ್ಟ್ರಾಕ್‌ನಿಂದ, ಸಂಕೇತ ಹಿಡಿಯುವ ದೊಡ್ಡ ಆಂಟೆನಾ ಇರುವುದು ಬ್ಯಾಲಾಳಿನಲ್ಲಿ. ಅದನ್ನೆಲ್ಲ ಕೇಳುವವರು ಯಾರು? “ನಮ್ಮ ಹಾಸನದೋರು ಇಳಿಸ್ತಿದಾರೆ” ಅಂತ ಒಬ್ಬ ಆಟೋದವನು ಸಂಜೆ ಪೂರ್ತಿ ಹೇಳಿಕೊಂಡು ಓಡಾಡಿದ.

ಭಯವೂ ಇತ್ತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕೊನೆಯ ಗಳಿಗೆಯಲ್ಲಿ ಕೈತಪ್ಪಿದ್ದು ಯಾರೂ ಮರೆತಿರಲಿಲ್ಲ. ನಾಲ್ಕು ದಿನದ ಹಿಂದೆ ರಷ್ಯಾದ ಲೂನಾ-25 ಅದೇ ದಕ್ಷಿಣ ಧ್ರುವದ ಕಡೆ ಹೋಗಿ ಅಪ್ಪಳಿಸಿತ್ತು. ಹೆಚ್ಚು ಪ್ರತಿ ಹೇಳಬೇಕಾ ಬೇಡವಾ ಅಂತ ಮಧ್ಯಾಹ್ನ ನಾನು ಮಾವನನ್ನು ಕೇಳಿದೆ. “ಇಳಿದರೆ ಸಾಲಲ್ಲ, ಬಿದ್ದರೆ ಒಂದೂ ಹೋಗಲ್ಲ. ನೀನೇ ನೋಡು” ಅಂದರು. ಹೇಳಿದೆ. ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ಇಳಿಯಿತು. ಪಕ್ಕದ ಮೊಬೈಲ್ ಅಂಗಡಿಯ ಟಿವಿ ಮುಂದೆ ನಿಂತಿದ್ದವರು ಶಿಳ್ಳೆ ಹೊಡೆದರು. ಡಿಪೊ ಕಡೆ ಹೊರಟಿದ್ದ ಬಸ್ಸಿನ ಡ್ರೈವರ್ ಗಾಡಿ ನಿಲ್ಲಿಸಿ ಕಿಟಕಿಯಿಂದಲೇ ಆಯ್ತಾ ಅಂತ ಕೈಸನ್ನೆ ಮಾಡಿ ಕೇಳಿದ್ದು ನನಗೆ ಟಿವಿಗಿಂತ ಚೆನ್ನಾಗಿ ನೆನಪಿದೆ.

ಮಾರನೇ ದಿನ ಹುಡುಗರು ಲೈನ್ ಮುಗಿಸಿ ಬರುವಷ್ಟರಲ್ಲಿ ಕೌಂಟರ್ ಬರಿದು. ಮೇ ತಿಂಗಳಲ್ಲಿ ಹೇಳಿದೆನಲ್ಲ, ಅದೇ ಮೇಷ್ಟ್ರು ಎಲ್ಲ ಪೇಪರಿನದ್ದೂ ಒಂದೊಂದು ಕೇಳಿದರು. ವಿಜ್ಞಾನ ಪಾಠ ಮಾಡಿದವರು. ಹಾಳೆ ಮುದುಡಬಾರದು ಅಂತ ಮನೆಯಿಂದ ರಟ್ಟು ತಂದಿದ್ದರು. ರಾತ್ರಿ ಹತ್ತರವರೆಗೆ ಟಿವಿಯಲ್ಲಿ ನೋಡಿದ್ದನ್ನೇ ಕೌಂಟರಿಗೆ ಒರಗಿ ಮತ್ತೆ ಓದಿದರು, ಅಲ್ಲೇ ನಿಂತಿದ್ದ ಒಬ್ಬ ಹುಡುಗನಿಗೆ ಜೋರಾಗಿ ಓದಿ ಹೇಳಿದರು. ಒಂದು ಚಂದ್ರನ ಹಗಲು ಅಂದರೆ ನಮ್ಮ 14 ದಿನ, ಅಷ್ಟು ದಿನ ಪ್ರಜ್ಞಾನ್ ಓಡಾಡುತ್ತೆ, ಆಮೇಲೆ ಬಿಸಿಲಿಲ್ಲ, ಕರೆಂಟಿಲ್ಲ ಅಂತ. ಆ ಹುಡುಗ ಅವರನ್ನು ತಪ್ಪಿಸಿಕೊಂಡು ಹೋಗುವ ದಾರಿ ಹುಡುಕುತ್ತಿದ್ದ, ಪಾಪ.

ಸೆಪ್ಟೆಂಬರಿನಲ್ಲಿ ಬರದ ಪಟ್ಟಿ ಬಂತು. ಮೊದಲು 195 ತಾಲ್ಲೂಕು, ಆಮೇಲೆ 216, ಕೊನೆಗೆ 223. ಸರ್ಕಾರದ ಲೆಕ್ಕದಲ್ಲಿ ಆಗ ರಾಜ್ಯದಲ್ಲಿ ಇದ್ದದ್ದೇ 236. ಜೊತೆಗೆ ಕಾವೇರಿ. ತಮಿಳುನಾಡಿಗೆ ದಿನಕ್ಕೆ 5000 ಕ್ಯೂಸೆಕ್ ಬಿಡಿ ಅಂತ ಆದೇಶ, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನಮ್ಮ ಯಗಚಿ ಹೇಮಾವತಿಗೆ ಸೇರುತ್ತದೆ, ಹೇಮಾವತಿ ಕಾವೇರಿಗೆ. ಅಂದರೆ ನಾವು ಆ ಜಗಳದ ಮೇಲ್ಗಡೆ ಕೂತವರು. ಇಲ್ಲಿ ನೀರಿಲ್ಲ ಅಂದರೆ ಕೆಆರ್‌ಎಸ್‌ನಲ್ಲಿ ಎಲ್ಲಿಂದ ಬರಬೇಕು?

ಈ ಬರ, ಬಂದ್ ನಡುವೆ ಸೆಪ್ಟೆಂಬರ್ 18ರ ಗಣೇಶ ಚೌತಿಯ ಸಂಜೆ ನಮ್ಮೂರಿನ ಸುದ್ದಿ ಬಂತು. ರಿಯಾದ್‌ನಲ್ಲಿ ನಡೆದ ಸಭೆಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ದೇಶದಲ್ಲಿ 42ನೆಯದು. ರಾಜ್ಯದಲ್ಲಿ ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟ ಆದ ಮೇಲೆ ನಮ್ಮದು. ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2014ರಲ್ಲಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿಗೆ ಒಂಬತ್ತು ವರ್ಷ ಕಾಯುವುದು ದೊಡ್ಡದಲ್ಲ ಬಿಡಿ.

ಊರಿನಲ್ಲಿ ಪಟಾಕಿ ಸದ್ದು ಗಣಪತಿಗೋ ಯುನೆಸ್ಕೊಗೋ ಗೊತ್ತಾಗಲಿಲ್ಲ. ಆ ಸುದ್ದಿಯ ಪೇಪರ್ ಬಂದ ದಿನ ನಾನು ಬೇರೆ ಬೇರೆ ಥರದ ಮಾತು ಕೇಳಿದೆ. ಗೈಡ್‌ಗಳಿಗೆ ಖುಷಿ. ಫಾರಿನ್‌ನವರು ಬರ್ತಾರೆ, ಒಂದೆರಡು ಭಾಷೆ ಜಾಸ್ತಿ ಕಲಿಬೇಕು ಅಂತ. ಹಳೇಬೀಡಿನಿಂದ ಬಂದಿದ್ದ ಒಬ್ಬರು, “ಫೋಟೊ ನಿಮ್ಮದೇ ದೊಡ್ಡದಾಗಿ ಹಾಕವ್ರೆ ನೋಡಿ, ಕೆತ್ತನೆ ಜಾಸ್ತಿ ಇರೋದು ನಮ್ದರಲ್ಲಿ” ಅಂತ ಅಲ್ಲೇ ಜಗಳ ತೆಗೆದರು. ಎರಡೂ ಊರಿನ ನಡುವೆ ಹದಿನಾರು ಕಿಲೊಮೀಟರ್. ಜಗಳಕ್ಕೆ ಎಂಟುನೂರು ವರ್ಷ ಆಗಿರಬಹುದು.

ದೇವಸ್ಥಾನದ ಬೀದಿಯಲ್ಲಿ ಮನೆ ಇರುವವರ ಮುಖ ಮಾತ್ರ ಬೇರೆ ಥರ ಇತ್ತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನು 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಇದು ಯುನೆಸ್ಕೊ ಬರುವ ಮುಂಚೆಯೇ ಇದ್ದ ಕಾನೂನು. ಅಷ್ಟರೊಳಗೆ ಬೇಲೂರಿನ ಹಳೇ ಊರು ಎಷ್ಟೋ ಬಂದುಬಿಡುತ್ತದೆ. ನಮ್ಮ ಲೈನಿನಲ್ಲಿ ಒಂದು ಮನೆ ಇದೆ, ಹೆಂಚು ಒಡೆದು ಹಿಂದಿನ ಕೋಣೆ ಸೋರುತ್ತದೆ. ಅಮ್ಮ ಮಗ ಇಬ್ಬರೇ. ಅವರು ಪೇಪರ್ ತಗೊಂಡು ನಿಧಾನಕ್ಕೆ ಪೂರ್ತಿ ಓದಿದರು. “ದೇವ್ರಿಗೆ ಒಳ್ಳೇದಾಯ್ತು. ನಮ್ಮ ಮಾಡು ಕಥೆ ಏನು ಅಂತ ಇದರಲ್ಲಿ ಬರೆದಿಲ್ವಲ್ಲಮ್ಮಾ?” ಅಂದರು. ಊರಿನ ಹೆಮ್ಮೆಯ ಜೊತೆ ಈ ಪ್ರಶ್ನೆಯನ್ನೂ ಯಾರಾದರೂ ಮುಖಪುಟಕ್ಕೆ ಹಾಕಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಗುಡಿಯ ಸುತ್ತ ಜನ ವಾಸ ಮಾಡಿಕೊಂಡು, ದಿನಾ ಪೂಜೆ, ವರ್ಷಕ್ಕೊಮ್ಮೆ ತೇರು ಎಳೆದುಕೊಂಡು ಇದ್ದದ್ದಕ್ಕೇ ಅಲ್ವಾ ಅದು ಇಷ್ಟು ಕಾಲ ಉಳಿದಿದ್ದು?

ಅಕ್ಟೋಬರಿನಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ 107 ಪದಕ, ಇಸ್ರೇಲ್–ಹಮಾಸ್ ಯುದ್ಧ. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಮಂಗಳೂರು ಕಡೆಯಿಂದ ಹೋದವರು ತುಂಬಾ ಜನ. ಆ ಕಡೆಯ ನೆಂಟರಿದ್ದವರು ಬಂದು ವಿಚಾರಿಸುತ್ತಿದ್ದರು.

ನವೆಂಬರಿನ ಎರಡು ಹಾಳೆ ಅಕ್ಕಪಕ್ಕ ಇಟ್ಟು ನೋಡಬೇಕು. 12ರ ದೀಪಾವಳಿ ದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನೆದರ್ಲೆಂಡ್ಸ್ ಮೇಲೆ ನಮ್ಮ ರಾಹುಲ್ 62 ಬಾಲಿಗೆ ನೂರು ಹೊಡೆದ. ಅದೇ ದಿನ ಬೆಳಗಿನ ಜಾವ ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಸುರಂಗ ಕುಸಿದು 41 ಕೆಲಸಗಾರರು ಒಳಗೆ ಸಿಕ್ಕಿಕೊಂಡರು. ಮೊದಲೆರಡು ದಿನ ಹಬ್ಬದ ಗದ್ದಲದಲ್ಲಿ ಎರಡನೆಯದನ್ನು ಯಾರೂ ಕೇಳಲಿಲ್ಲ. ವರ್ಲ್ಡ್ ಕಪ್ಪಿನದ್ದೇ ಮಾತು. ಸತತ ಹತ್ತು ಮ್ಯಾಚ್ ಗೆದ್ದು ಫೈನಲ್ಲಿಗೆ ಬಂದಾಗ ನಾನು ಯಾರನ್ನೂ ಕೇಳದೆ ಹೆಚ್ಚು ಪ್ರತಿ ಹೇಳಿದ್ದೆ. ಅಹಮದಾಬಾದಿನಲ್ಲಿ 240ಕ್ಕೆ ಆಲೌಟ್, ಟ್ರಾವಿಸ್ ಹೆಡ್ 137, ಆರು ವಿಕೆಟ್ ಸೋಲು. ಸೋಮವಾರದ ಬಂಡಲ್ ಬಿಚ್ಚುವಾಗ ಹುಡುಗರೂ ಮಾತಾಡಲಿಲ್ಲ. ದಿನಾ ಕೌಂಟರಿನಲ್ಲಿ ಕೊಳ್ಳುವವರು ಕೂಡ ದೂರದಿಂದ ಮುಖಪುಟ ನೋಡಿ ಆ ಕಡೆ ತಿರುಗಿದರು. ಆ ದಿನ ಉಳಿದಷ್ಟು ಪೇಪರ್ ಇಡೀ ವರ್ಷದಲ್ಲಿ ಉಳಿದಿಲ್ಲ.

ಸುರಂಗದವರನ್ನು ಕೇಳಲು ಜನ ಶುರು ಮಾಡಿದ್ದು ಅದಾದ ಮೇಲೆ. 6 ಇಂಚಿನ ಪೈಪಿನಲ್ಲಿ ಬಾಟಲಿಗೆ ತುಂಬಿ ಕಿಚಡಿ ಕಳಿಸಿದರು, ಕ್ಯಾಮೆರಾ ಬಿಟ್ಟು ಮುಖ ನೋಡಿದರು. ಕೊರೆಯುವ ದೊಡ್ಡ ಯಂತ್ರ ಒಳಗೇ ಮುರಿಯಿತು. ಕೊನೆಗೆ ಇಲಿ ಬಿಲದ ಹಾಗೆ ಕೈಯಲ್ಲೇ ತೋಡುವ ಕೂಲಿಗಳು ಬಂದು ಕೊನೆಯ ಹತ್ತು–ಹನ್ನೆರಡು ಮೀಟರ್ ಅಗೆದರು. ಕೆಲಸಗಾರರಲ್ಲಿ ಜಾರ್ಖಂಡ್‌ನವರೇ ಜಾಸ್ತಿ, ನಮ್ಮ ರಾಜ್ಯದವರು ಒಬ್ಬರೂ ಇರಲಿಲ್ಲ. ಹಾಗಿದ್ದೂ ನಮ್ಮ ಹೂವಿನಂಗಡಿ ಅಜ್ಜಿ ದಿನಾ ಬೆಳಗ್ಗೆ “ಬಂದ್ವಾ ಮಕ್ಕಳು?” ಅಂತ ಕೇಳುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. 28ರ ರಾತ್ರಿ ಎಲ್ಲರೂ ಹೊರಗೆ ಬಂದರು. 29ಕ್ಕೆ ಬಂದವಳು ದುಡ್ಡು ಕೊಟ್ಟು ಪೇಪರ್ ತಗೊಂಡಳು. ಯಾಕಜ್ಜಿ ಅಂದರೆ, ಫೋಟೊ ನೋಡ್ತೀನಿ ಅಂದಳು. ಹೂವು ಕಟ್ಟಲು ಹಾಸುವ ಹಳೇ ಪೇಪರಿನ ಜೊತೆ ಅದನ್ನು ಸೇರಿಸಲಿಲ್ಲ.

ಡಿಸೆಂಬರ್ 5ರ ಎದುರಿಗೆ ಮಾವ ಬರೆದಿರುವುದು ‘ಅರ್ಜುನ’ ಅಂತ ಮಾತ್ರ.

ಇದಕ್ಕೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ಬೇಲೂರಿನ ಬಿಕ್ಕೋಡು, ಅರೇಹಳ್ಳಿ ಕಡೆ, ಆಲೂರು, ಸಕಲೇಶಪುರದಲ್ಲಿ ಕಾಡಾನೆ ದಿನನಿತ್ಯದ ಸುದ್ದಿ. ಬಿಕ್ಕೋಡು ಲೈನಿನ ನಮ್ಮ ಹುಡುಗ ಸೈಕಲ್ ಹತ್ತುವ ಮುಂಚೆ ವಾಟ್ಸಾಪ್ ನೋಡುತ್ತಾನೆ, ಆನೆ ಯಾವ ತೋಟದಲ್ಲಿದೆ ಅಂತ. ಅದು ಸರಿಯಾಗಿ ಗೊತ್ತಾಗದೆ ಅವನನ್ನು ಕಳಿಸುವುದಿಲ್ಲ. ಆ ಕಡೆಯವರು ತಡವಾದರೆ ಬೈಯುವುದೂ ಇಲ್ಲ. ಆಗಸ್ಟ್ 31ಕ್ಕೆ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಅನ್ನುವ ಸಲಗಕ್ಕೆ ಅರಿವಳಿಕೆ ಕೊಡಲು ಹೋದ ‘ಆನೆ ವೆಂಕಟೇಶ್’ ಅದರ ದಾಳಿಗೇ ಸಿಕ್ಕಿ ತೀರಿಕೊಂಡರು. ಎಷ್ಟೋ ಆನೆಗಳನ್ನು ಪಳಗಿದ ಕೈಯಲ್ಲಿ ಕೆಡವಿದ್ದವರು. ಆ ಸುದ್ದಿಗೇ ಮಲೆನಾಡು ನಡುಗಿತ್ತು.

ಡಿಸೆಂಬರ್ 4ರ ಸೋಮವಾರ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆಗೆ ರೇಡಿಯೊ ಕಾಲರ್ ಹಾಕುವ ಕಾರ್ಯಾಚರಣೆ. ಒಂದು ಸಲಗ ಏಕಾಏಕಿ ನುಗ್ಗಿತು. ಉಳಿದ ಸಾಕಾನೆಗಳು ಹಿಂದೆ ಸರಿದವು, ಅರ್ಜುನ ಎದುರು ನಿಂತು ಕಾದಾಡಿ ಸತ್ತ. 2012ರಿಂದ 2019ರವರೆಗೆ ಎಂಟು ಸಲ 750 ಕೆಜಿಯ ಚಿನ್ನದ ಅಂಬಾರಿ ಹೊತ್ತವನು. ದಸರಾ ಟಿವಿಯಲ್ಲಿ ನೋಡುವಾಗ ನಾವೆಲ್ಲ ಅವನಿಗೆ ಕೈಮುಗಿದವರೇ. ಮೈಸೂರು ಅರಮನೆ ಎದುರು ಗಾಂಭೀರ್ಯದಿಂದ ನಡೆದವನು ನಮ್ಮ ಜಿಲ್ಲೆಯ ಕಾಡಿನಲ್ಲಿ, ನಮ್ಮ ತೋಟ ಕಾಯುವ ಕೆಲಸದಲ್ಲಿ ಸತ್ತ ಅನ್ನುವುದು ಇಲ್ಲಿಯವರಿಗೆ ತಡೆಯಲಾಗಲಿಲ್ಲ. ಅಲ್ಲೇ ಮಣ್ಣು ಮಾಡಿದರು. ಮೈಸೂರಿಗೆ ಒಯ್ಯಿರಿ ಅಂತ ಜನ ರಸ್ತೆಯಲ್ಲೇ ಗಲಾಟೆ ಮಾಡಿದರು.

ಆ ಬೆಳಗ್ಗೆ ಬಿಕ್ಕೋಡಿನ ಒಬ್ಬ ಬೆಳೆಗಾರರು ಅಂಗಡಿಗೆ ಬಂದರು. ಆನೆ ಅಂದರೆ ಸಿಡುಕುವವರು. ವರ್ಷವಿಡೀ ಕಾಫಿ, ಬಾಳೆ, ಭತ್ತ ಎಲ್ಲ ತುಳಿಸಿಕೊಂಡು, ಪರಿಹಾರದ ಅರ್ಜಿ ಹಿಡಿದು ಅಲೆದವರು. “ನಮ್ಮ ಜಗಳ ಕಾಡಾನೆ ಮೇಲೆ. ಇವನದ್ದೇನಮ್ಮ ತಪ್ಪು?” ಅಂದು, ಪೇಪರ್ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಜೀಪ್ ಹತ್ತಿದರು.

ಆಮೇಲೆ ವರ್ಷ ಬೇಗ ಮುಗಿಯಿತು. 8ಕ್ಕೆ ಲೀಲಾವತಿ ಹೋದರು. ನಮ್ಮತ್ತೆ ಮಾರನೇ ದಿನ ಪುರವಣಿ ಸೇರಿಸಲಿಲ್ಲ, ಲೀಲಾವತಿಯವರ ಹಳೇ ಫೋಟೊಗಳನ್ನೇ ನೋಡುತ್ತ ಕೂತರು. 13ಕ್ಕೆ ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಹಾರಿ ಹಳದಿ ಹೊಗೆ ಬಿಟ್ಟರು. ಅವರಲ್ಲಿ ಒಬ್ಬ ಮೈಸೂರಿನವನು ಅಂತ ತಿಳಿದ ಮೇಲೆ ಕೌಂಟರಿನಲ್ಲಿ ಸಿಐಡಿಗಳೇ ಜಾಸ್ತಿಯಾದರು. ಕ್ರಿಸ್‌ಮಸ್ ಹೊತ್ತಿಗೆ ಜೆಎನ್.1 ಅಂತ ಹೊಸ ಕೊರೊನಾ ತಳಿ ಬಂತು, 60 ದಾಟಿದವರು ಮಾಸ್ಕ್ ಹಾಕಿ ಅಂತ ಸರ್ಕಾರ ಹೇಳಿತು. ಮಾವ ಮಾಸ್ಕ್ ಹಾಕಿದರು, ಮಾತಾಡುವಾಗ ಮಾತ್ರ ಗದ್ದಕ್ಕೆ ಇಳಿಸುತ್ತಿದ್ದರು. ಅವರು ಮಾತಾಡದೆ ಇರುವ ಹೊತ್ತು ಯಾವುದು ಅಂತ ನೀವು ಕೇಳಬಾರದು.

ಕೊನೆಯ ವಾರ ಯಾರೂ ಸುದ್ದಿ ಕೇಳಲಿಲ್ಲ. ಪೇಪರ್ ಹಾಕಿಸಿಕೊಳ್ಳುವ ಮನೆಗಳಿಂದ ಒಂದೇ ಫೋನು, ಕ್ಯಾಲೆಂಡರ್ ಬಂತಾ ಅಂತ. ರಾಹುಕಾಲ, ಸಂಕಷ್ಟಿ, ಮದುವೆ ಮುಹೂರ್ತ ಎಲ್ಲ ಇರುವಂಥದ್ದೇ ಬೇಕು, ದೇವರ ಫೋಟೊ ದೊಡ್ಡದಾಗಿರಬೇಕು. ಹೋದ ವರ್ಷ ಕೊಟ್ಟಿರಲಿಲ್ಲ, ಈ ಸಲ ಎರಡು ಕೊಡು ಅಂತ ಜಗಳ ಆಡಿದವರ ಹೆಸರನ್ನೂ ಮಾವ ಬರೆದಿಟ್ಟಿದ್ದಾರೆ.